ತುಮಕೂರು ನಗರ: ಟಿಕೆಟ್ ಸಿಕ್ಕರಷ್ಟೇ ಸಾಕೇ? ಸೀಟು ಗೆಲ್ಲಬೇಕಲ್ಲ!

ಮಂಗಳೂರಿನಿಂದ ಘಟ್ಟ ಹತ್ತುವ ಎರಡು ದೊಡ್ಡ ರಸ್ತೆಗಳೂ ತುಮಕೂರು ಜಿಲ್ಲೆಯನ್ನು ಮುಟ್ಟದೆ ಬಿಡುವುದಿಲ್ಲ. ಶಿರಾಡಿಯ ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 75, ಸಕಲೇಶಪುರ, ಹಾಸನ ದಾಟಿ ಕುಣಿಗಲ್ ಮೂಲಕ ಬೆಂಗಳೂರು ಸೇರುತ್ತದೆ. ಚಾರ್ಮಾಡಿಯ ದಾರಿ, ಹೆದ್ದಾರಿ 73, ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು, ಗುಬ್ಬಿ ಎಂದು ಸಾಗಿ ತುಮಕೂರಿನಲ್ಲೇ ಮುಗಿಯುತ್ತದೆ. ಅಡಿಕೆ, ತೆಂಗು, ಮೀನು, ಹೋಟೆಲು ಎಂದು ಈ ರಸ್ತೆಗಳಲ್ಲಿ ಓಡಾಡುವ ನಮ್ಮವರು ಎಷ್ಟೋ ಮಂದಿ. ಅಲ್ಲೇ ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿ, ಅಲ್ಲಿಯವರೇ ಆದವರೂ ಇದ್ದಾರೆ. ಆದರೆ ಚುನಾವಣೆಯ ಮಾತು ಬಂತೆಂದರೆ ನಮ್ಮ ಮನೆಗಳಲ್ಲಿ ಚರ್ಚೆ ಉಳ್ಳಾಲ, ಸುರತ್ಕಲ್, ಬಂಟ್ವಾಳ, ಪುತ್ತೂರು ದಾಟಿ ಮುಂದೆ ಹೋಗುವುದೇ ಕಡಿಮೆ.

ಈ ವಾರ ಘಟ್ಟದ ಮೇಲಿನ ಒಂದು ಕ್ಷೇತ್ರವನ್ನು ನೋಡೋಣ. ತುಮಕೂರು ನಗರ, ಕ್ಷೇತ್ರ ಸಂಖ್ಯೆ 132. ಮುಸ್ಲಿಂ ಮತದಾರರು ಗಣನೀಯವಾಗಿ ಇರುವ ಕ್ಷೇತ್ರ. ಕಾಂಗ್ರೆಸ್ ಇಲ್ಲಿ ಮುಸ್ಲಿಂ ಅಭ್ಯರ್ಥಿಗಳನ್ನು ಮತ್ತೆ ಮತ್ತೆ ಇಳಿಸಿದೆ, ಗೆಲ್ಲಿಸಿಯೂ ಇದೆ. ಆದರೆ ಕಳೆದ ಎರಡು ಚುನಾವಣೆಗಳಲ್ಲಿ ಆ ಅಭ್ಯರ್ಥಿ ಬಂದದ್ದು ಮೂರನೆಯ ಸ್ಥಾನಕ್ಕೆ. ಎರಡನೆಯದಕ್ಕೂ ಅಲ್ಲ, ಮೂರನೆಯದಕ್ಕೆ. ಯಾಕೆ ಹೀಗಾಯಿತು? 2028ಕ್ಕೆ ಏನಾಗಬಹುದು? ಇದು ತುಮಕೂರಿನವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆ ಅಲ್ಲ ಎಂದು ನಮಗೆ ಅನಿಸುತ್ತದೆ.

ಏಳರಲ್ಲಿ ಒಂದು

1989ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತ್ತು. ಆ ಅಲೆಯಲ್ಲಿ ತುಮಕೂರಿನಿಂದ ಎಸ್. ಷಫೀ ಅಹ್ಮದ್ ವಿಧಾನಸಭೆಗೆ ಹೋದರು. ಐದು ವರ್ಷದ ನಂತರ ಗಾಳಿ ತಿರುಗಿತು. 1994ರಲ್ಲಿ ಜನತಾದಳ ಸರಕಾರ ಬಂತು, ಬಿಜೆಪಿ 40 ಸೀಟು ಗೆದ್ದು ಮೊದಲ ಬಾರಿಗೆ ದೊಡ್ಡ ವಿರೋಧ ಪಕ್ಷವಾಯಿತು. ಆ 40ರಲ್ಲಿ ತುಮಕೂರೂ ಒಂದು. ಗೆದ್ದವರು ಎಸ್. ಶಿವಣ್ಣ, ಊರಿನವರ ಬಾಯಲ್ಲಿ ಸೊಗಡು ಶಿವಣ್ಣ.

ಅಲ್ಲಿಂದ ಶಿವಣ್ಣ ಕದಲಲಿಲ್ಲ. 1994, 1999, 2004, 2008, ಹೀಗೆ ಸತತ ನಾಲ್ಕು ಸಲ ಗೆದ್ದರು, ಮಂತ್ರಿಯೂ ಆದರು. ಗಮನಿಸಬೇಕಾದ ಸಂಗತಿ 1999ರದ್ದು. ಆ ವರ್ಷ ಎಸ್.ಎಂ. ಕೃಷ್ಣ ನಾಯಕತ್ವದಲ್ಲಿ ಕಾಂಗ್ರೆಸ್ 132 ಸೀಟಿನೊಂದಿಗೆ ಅಧಿಕಾರಕ್ಕೆ ಬಂತು. ತುಮಕೂರು ಲೋಕಸಭಾ ಸ್ಥಾನವನ್ನು ಕೂಡ ಜಿ.ಎಸ್. ಬಸವರಾಜು ಕಾಂಗ್ರೆಸ್ಸಿಗೆ ಗೆದ್ದುಕೊಟ್ಟರು. ಆದರೂ ನಗರದ ವಿಧಾನಸಭಾ ಸೀಟು ಬಿಜೆಪಿಯ ಕೈಯಲ್ಲೇ ಉಳಿಯಿತು. ಅಂದರೆ ರಾಜ್ಯದ ಗಾಳಿಯನ್ನು ನಂಬಿ ಇಲ್ಲಿ ದೋಣಿ ಬಿಟ್ಟರೆ ದಡ ಮುಟ್ಟುವುದಿಲ್ಲ ಎಂಬುದು ಆಗಲೇ ಗೊತ್ತಾಗಬೇಕಿತ್ತು.

2013ರಲ್ಲಿ ಬಾಗಿಲು ತೆರೆಯಿತು. ತೆರೆದವರು ಕಾಂಗ್ರೆಸ್ಸಿನವರು ಅಂತ ಹೇಳುವುದು ಕಷ್ಟ. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದರು. ತುಮಕೂರು ನಗರದಲ್ಲಿ ಬಿಜೆಪಿಯಿಂದ ಶಿವಣ್ಣ, ಕೆಜೆಪಿಯಿಂದ ಜಿ.ಎಸ್. ಬಸವರಾಜು ಅವರ ಮಗ ಜಿ.ಬಿ. ಜ್ಯೋತಿಗಣೇಶ್. ಜೆಡಿಎಸ್ ಕೂಡ ಕಣದಲ್ಲಿತ್ತು. ಹೀಗೆ ಮತ ನಾಲ್ಕು ಪಾಲಾದಾಗ ಕಾಂಗ್ರೆಸ್ಸಿನ ಡಾ. ರಫೀಕ್ ಅಹ್ಮದ್ ಸುಮಾರು ಮೂರೂವರೆ ಸಾವಿರ ಮತಗಳ ಅಂತರದಲ್ಲಿ ಜ್ಯೋತಿಗಣೇಶ್ ಅವರನ್ನು ಹಿಂದಿಕ್ಕಿದರು. ಬಿದ್ದ ಮತಗಳಲ್ಲಿ ಮೂರನೆಯ ಒಂದು ಪಾಲು ಕೂಡ ಗೆದ್ದವರಿಗೆ ಬಂದಿರಲಿಲ್ಲ. ಆದರೂ ಗೆಲುವು ಗೆಲುವೇ, ಆ ದಿನ ನಗರದ ಮೊಹಲ್ಲಾಗಳಲ್ಲಿ ಹಂಚಿದ ಸಿಹಿಯ ರುಚಿ ಕಡಿಮೆಯಾಗಿರಲಿಲ್ಲ.

ಮುಂದಿನ ವರ್ಷ ಕೆಜೆಪಿ ಬಿಜೆಪಿಯೊಳಗೆ ಕರಗಿತು. ಒಡೆದ ಮನೆ ಒಂದಾಯಿತು. 2018ರಲ್ಲಿ ಬಿಜೆಪಿ ಟಿಕೆಟ್ ಜ್ಯೋತಿಗಣೇಶ್ ಅವರಿಗೆ ಸಿಕ್ಕಿತು. ಅವರು ಐದು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಎರಡನೆಯವರು ಜೆಡಿಎಸ್‌ನ ಎನ್. ಗೋವಿಂದರಾಜು. ಹಾಲಿ ಶಾಸಕರಾಗಿದ್ದ ರಫೀಕ್ ಅಹ್ಮದ್ ಮೂರನೆಯವರಾದರು.

2023ರ ಕಥೆ ಇನ್ನೂ ವಿಚಿತ್ರ. ಚುನಾವಣೆಗೆ ಕೆಲವೇ ವಾರ ಇರುವಾಗ, ಮಾರ್ಚ್‌ನಲ್ಲಿ, ಅಂದಿನ ಬಿಜೆಪಿ ಸರಕಾರ ಮುಸ್ಲಿಮರ 2ಬಿ ಮೀಸಲಾತಿಯ ಶೇಕಡಾ 4ನ್ನು ತೆಗೆದು ಬೇರೆಯವರಿಗೆ ಹಂಚುವ ತೀರ್ಮಾನ ಮಾಡಿತ್ತು. ಹಿಜಾಬ್, ವ್ಯಾಪಾರ ಬಹಿಷ್ಕಾರದ ಬಿಸಿ ಆರಿರಲಿಲ್ಲ. ರಾಜ್ಯದಾದ್ಯಂತ ಮುಸ್ಲಿಂ ಮತಗಳು ಒಟ್ಟಾಗಿ ಕಾಂಗ್ರೆಸ್ ಕಡೆ ಹೋದವು ಎಂಬುದು ಎಲ್ಲ ವಿಶ್ಲೇಷಕರ ಮಾತು. ಕಾಂಗ್ರೆಸ್ 135 ಸೀಟು ಗೆದ್ದಿತು. ಇತ್ತ ತುಮಕೂರು ನಗರದಲ್ಲಿ ಬಿಜೆಪಿಗೆ ಮನೆಯೊಳಗೇ ಜಗಳ. ಟಿಕೆಟ್ ಸಿಗದ ಶಿವಣ್ಣ ಬಂಡೆದ್ದು ಪಕ್ಷೇತರರಾಗಿ ನಿಂತರು. ಇಷ್ಟೆಲ್ಲ ಅನುಕೂಲ ಇದ್ದೂ ಏನಾಯಿತು? ಜ್ಯೋತಿಗಣೇಶ್ ಮತ್ತೆ ಗೆದ್ದರು, ಮೂರು ಸಾವಿರ ಚಿಲ್ಲರೆ ಅಂತರದಲ್ಲಿ. ಎರಡನೆಯವರು ಮತ್ತೆ ಗೋವಿಂದರಾಜು. ಕಾಂಗ್ರೆಸ್ಸಿನ ಇಕ್ಬಾಲ್ ಅಹ್ಮದ್ ಮೂರನೆಯವರು.

1994ರಿಂದ 2023ರವರೆಗೆ ಏಳು ವಿಧಾನಸಭಾ ಚುನಾವಣೆ. ಆರು ಬಿಜೆಪಿಗೆ, ಒಂದು ಕಾಂಗ್ರೆಸ್ಸಿಗೆ. ಆ ಒಂದು ಕೂಡ ಎದುರಾಳಿಯ ಮನೆ ಒಡೆದಾಗ ಬಂದದ್ದು.

ಜಿಲ್ಲೆ ಒಂದು ಕಡೆ, ನಗರ ಒಂದು ಕಡೆ

ತುಮಕೂರು ಜಿಲ್ಲೆಯಲ್ಲಿ ಒಟ್ಟು 11 ವಿಧಾನಸಭಾ ಕ್ಷೇತ್ರ. 2023ರಲ್ಲಿ ಕಾಂಗ್ರೆಸ್ ಏಳು ಗೆದ್ದಿತು: ಕೊರಟಗೆರೆಯಲ್ಲಿ ಜಿ. ಪರಮೇಶ್ವರ, ಮಧುಗಿರಿಯಲ್ಲಿ ಕೆ.ಎನ್. ರಾಜಣ್ಣ, ಸಿರಾದಲ್ಲಿ ಟಿ.ಬಿ. ಜಯಚಂದ್ರ, ಜೊತೆಗೆ ತಿಪಟೂರು, ಪಾವಗಡ, ಗುಬ್ಬಿ, ಕುಣಿಗಲ್. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಜೆಡಿಎಸ್‌ಗೆ. ಬಿಜೆಪಿಗೆ ಉಳಿದದ್ದು ಎರಡೇ ಎರಡು, ತುಮಕೂರು ನಗರ ಮತ್ತು ಅದನ್ನು ಸುತ್ತುವರಿದ ತುಮಕೂರು ಗ್ರಾಮಾಂತರ. ಮುಸ್ಲಿಂ ಮತದಾರರು ಇಷ್ಟು ದಟ್ಟವಾಗಿಲ್ಲದ ತಾಲೂಕುಗಳಲ್ಲಿ ಕಾಂಗ್ರೆಸ್ ಗೆದ್ದಿತು, ಅವರು ಎದ್ದು ಕಾಣುವ ಪೇಟೆಯಲ್ಲಿ ಸೋತಿತು. ನಮ್ಮ ಹೋಟೆಲ್ ಟೇಬಲ್‌ಗಳ ಲೆಕ್ಕಾಚಾರಕ್ಕೆ ಇದು ಪೂರ್ತಿ ಉಲ್ಟಾ.

ಗ್ರಾಮಾಂತರದ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆಸರಿಗೆ ಗ್ರಾಮಾಂತರ, ಆದರೆ ನಗರ ಬೆಳೆದಂತೆಲ್ಲ ಅದರ ಅಂಚಿನ ಹೊಸ ಬಡಾವಣೆಗಳು ಹಬ್ಬುತ್ತಿರುವುದು ಆ ಕಡೆಗೇ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದಾಗ ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ ಎಂಬ ಹಳೆಯ ಕ್ಷೇತ್ರಗಳು ಅಳಿಸಿಹೋದವು, ಗ್ರಾಮಾಂತರ ಎಂಬ ಹೊಸ ಕ್ಷೇತ್ರ ಹುಟ್ಟಿತು. ಆ ಗಡಿ ಎಳೆದದ್ದು 2001ರ ಜನಗಣತಿ ಇಟ್ಟುಕೊಂಡು. ಅಂದಿನಿಂದ ತುಮಕೂರು ಮಹಾನಗರ ಪಾಲಿಕೆಯಾಯಿತು, ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯಿತು, ಬೆಂಗಳೂರಿನ ಮೆಟ್ರೊ ತುಮಕೂರಿಗೆ ಬರುತ್ತದಂತೆ ಎನ್ನುವ ಮಾತೂ ಬಂತು. ಊರು ಬೆಳೆದರೂ ಗೆರೆ ಅಲ್ಲೇ ಇದೆ. ಹಾಗಾಗಿ ನಗರದಲ್ಲೇ ದುಡಿದು ನಗರದ ಹೊರವಲಯದಲ್ಲಿ ಮನೆ ಕಟ್ಟಿದವನ ವೋಟು ನಗರಕ್ಕೆ ಬೀಳುತ್ತದೋ ಗ್ರಾಮಾಂತರಕ್ಕೋ ಎಂಬುದು ಅವನಿಗೇ ಗೊತ್ತಿರುವುದಿಲ್ಲ.

ಗ್ರಾಮಾಂತರದಲ್ಲಿ 2008, 2013ರಲ್ಲಿ ಬಿಜೆಪಿಯ ಬಿ. ಸುರೇಶ್ ಗೌಡ ಗೆದ್ದರು. 2018ರಲ್ಲಿ ಜೆಡಿಎಸ್‌ನ ಡಿ.ಸಿ. ಗೌರಿಶಂಕರ್ ಗೆದ್ದರು. ಆದರೆ ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ್ದಾರೆ ಎಂದು ಸೋತವರು ಹೈಕೋರ್ಟಿಗೆ ಹೋದರು. ಹೈಕೋರ್ಟ್ ತೀರ್ಪು ಕೊಟ್ಟದ್ದು 2023ರ ಮಾರ್ಚ್ 30ಕ್ಕೆ: ಆಯ್ಕೆ ಅಸಿಂಧು. ಅಷ್ಟರಲ್ಲಿ ಅವರ ಅವಧಿಯೇ ಮುಗಿಯುತ್ತ ಬಂದಿತ್ತು! ಮೇಲ್ಮನವಿಗೆ ಸಮಯ ಸಿಕ್ಕಿತು, ಗೌರಿಶಂಕರ್ ಮತ್ತೆ ಕಣಕ್ಕಿಳಿದರು, ಸುರೇಶ್ ಗೌಡರ ಎದುರು ಸೋತರು, ಆಮೇಲೆ ಕಾಂಗ್ರೆಸ್ ಸೇರಿದರು. ನ್ಯಾಯ ಇಷ್ಟು ನಿಧಾನವಾದರೆ ಅದರಿಂದ ಪಾಠ ಕಲಿಯುವವರು ಯಾರು? ಬಾಂಡ್ ಕೈಯಲ್ಲಿ ಹಿಡಿದು ಇದರಿಂದ ಮಕ್ಕಳಿಗೆ ಏನೋ ಬರುತ್ತದೆ ಎಂದು ನಂಬಿ ಕೂತಿದ್ದ ಬಡ ಮನೆಗಳ ಕಥೆಯನ್ನಂತೂ ಯಾರೂ ಕೇಳಲಿಲ್ಲ.

ಗುಬ್ಬಿ, ಕುಣಿಗಲ್ ಹೇಳುವುದು

ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್ ಆಚೆ ಗುಬ್ಬಿ. ವೀರಣ್ಣನವರ ನಾಟಕ ಕಂಪನಿಯ ಊರು. ಇಲ್ಲಿನ ರಾಜಕೀಯ ನಾಟಕದ ನಾಯಕ ಎರಡು ದಶಕದಿಂದ ಒಬ್ಬರೇ, ಎಸ್.ಆರ್. ಶ್ರೀನಿವಾಸ್, ಜನರ ಬಾಯಲ್ಲಿ ವಾಸು. 2004ರಲ್ಲಿ ಪಕ್ಷೇತರರಾಗಿ ಗೆದ್ದರು. 2008, 2013, 2018ರಲ್ಲಿ ಜೆಡಿಎಸ್‌ನಿಂದ. 2018ರ ಕುಮಾರಸ್ವಾಮಿ ಸರಕಾರದಲ್ಲಿ ಮಂತ್ರಿ. 2022ರ ಜೂನ್‌ನಲ್ಲಿ ರಾಜ್ಯಸಭೆ ಚುನಾವಣೆಯಲ್ಲಿ ಪಕ್ಷದ ಮಾತು ಮೀರಿದರೆಂದು ಜೆಡಿಎಸ್ ಹೊರಹಾಕಿತು. 2023ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸೇರಿ, ಮೇಯಲ್ಲಿ ಗೆದ್ದು, ಕೆಎಸ್ಸಾರ್ಟಿಸಿ ಅಧ್ಯಕ್ಷರೂ ಆದರು. ಪಕ್ಷ ಬದಲಾದರೂ ಮತದಾರ ಬದಲಾಗಲಿಲ್ಲ. ಜಾತಿ ಲೆಕ್ಕ ಅಲ್ಲೂ ಇದೆ, ಇಲ್ಲವೆಂದಲ್ಲ. ಆದರೆ ಒಬ್ಬನೇ ವ್ಯಕ್ತಿ ಮೂರು ಬೇರೆ ಬೇರೆ ಹೆಸರಿನಲ್ಲಿ ಐದು ಸಲ ಗೆಲ್ಲಬೇಕಾದರೆ ಹಳ್ಳಿ ಹಳ್ಳಿಯಲ್ಲೂ ಅವನಿಗೆ ತನ್ನದೇ ಜನ ಇರಬೇಕು. ಯಾರ ಮನೆಯ ಸಾವು, ಯಾರ ಮನೆಯ ಮದುವೆ ಎಂದು ಗೊತ್ತಿರಬೇಕು.

ಕುಣಿಗಲ್ ಇನ್ನೊಂದು ಬಗೆ. ಜನಪದ ಹಾಡಿನ ಕೆರೆಯ ಊರು, ಟಿಪ್ಪುವಿನ ಕಾಲಕ್ಕೆ ಹೋಗುವ ಕುದುರೆ ಫಾರಂನ ಊರು. ತುಮಕೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ, ಹಾಗಾಗಿ ಕನಕಪುರದ ಡಿ.ಕೆ. ಸಹೋದರರ ಕಣ್ಣು ಇಲ್ಲಿ ಯಾವಾಗಲೂ ಇರುತ್ತದೆ. 2008ರಲ್ಲಿ ಕಾಂಗ್ರೆಸ್ಸಿನ ಬಿ.ಬಿ. ರಾಮಸ್ವಾಮಿ ಗೌಡ, 2013ರಲ್ಲಿ ಜೆಡಿಎಸ್‌ನ ಡಿ. ನಾಗರಾಜಯ್ಯ, 2018ರಲ್ಲಿ ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಡಾ. ಎಚ್.ಡಿ. ರಂಗನಾಥ್. ಬಿಜೆಪಿಯ ಡಿ. ಕೃಷ್ಣಕುಮಾರ್ ಪ್ರತಿ ಸಲ ಬಲವಾದ ಪೈಪೋಟಿ ಕೊಟ್ಟರು. ರಂಗನಾಥ್ ಮೊದಲ ಸಲ ಗೆದ್ದದ್ದು ಐದು ಸಾವಿರ ಚಿಲ್ಲರೆಯಲ್ಲಿ, ಎರಡನೆಯ ಸಲ ಅಂತರ 25 ಸಾವಿರ ದಾಟಿತು. ಗೆದ್ದ ಮೇಲೆ ಐದು ವರ್ಷ ಕ್ಷೇತ್ರ ಬಿಡದಿದ್ದರೆ ಅಂತರ ಹೇಗೆ ಹಿಗ್ಗುತ್ತದೆ ಎಂಬುದಕ್ಕೆ ಇದೊಂದು ಲೆಕ್ಕ.

ಗುಬ್ಬಿ, ಕುಣಿಗಲ್ ಎರಡರಲ್ಲೂ ಮುಸ್ಲಿಮರು ಟಿಕೆಟ್ ಕೇಳುವಷ್ಟು ಸಂಖ್ಯೆಯಲ್ಲಿಲ್ಲ. ಇದ್ದಷ್ಟು ಮತ ಗೆಲ್ಲುವ ಕೂಟದ ಒಂದು ಭಾಗವಾಗಿ ಬೀಳುತ್ತದೆ. ಹೆಸರು ಕಾಣುವುದಿಲ್ಲ, ಆದರೆ ಶಾಸಕನ ಮನೆ ಬಾಗಿಲಿಗೆ ಹೋಗಿ ಕೆಲಸ ಕೇಳುವ ಹಕ್ಕು ಇರುತ್ತದೆ. ತುಮಕೂರು ನಗರದಲ್ಲಿ ಹೆಸರು ಕಾಣುತ್ತದೆ, ಪೋಸ್ಟರ್ ಕಾಣುತ್ತದೆ, ಫಲಿತಾಂಶದ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹಾಗಾದರೆ ಮುಸ್ಲಿಂ ಅಭ್ಯರ್ಥಿ ಬೇಡವೇ? ನಾವು ಹಾಗೆ ಹೇಳುತ್ತಿಲ್ಲ. 1978ರಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ 16 ಮಂದಿ ಮುಸ್ಲಿಂ ಶಾಸಕರಿದ್ದರು. ನಮ್ಮ ಬಿ.ಎ. ಮೊಹಿದೀನ್ ಸಾಹೇಬರು ಬಂಟ್ವಾಳದಿಂದ ಗೆದ್ದದ್ದೂ ಆ ವರ್ಷವೇ. 1983ರಲ್ಲಿ ಆ ಸಂಖ್ಯೆ ಎರಡಕ್ಕೆ ಕುಸಿಯಿತು. 2013ರಲ್ಲಿ 11, 2018ರಲ್ಲಿ ಏಳು, 2023ರಲ್ಲಿ ಒಂಬತ್ತು. ಜನಸಂಖ್ಯೆಗೆ ಹೋಲಿಸಿದರೆ ಇದು ತೀರಾ ಕಡಿಮೆ ಎಂಬುದರಲ್ಲಿ ಎರಡು ಮಾತಿಲ್ಲ. ಇರುವ ಗೆಲ್ಲಬಹುದಾದ ಸೀಟುಗಳನ್ನೂ ಬಿಟ್ಟುಕೊಟ್ಟರೆ ಮುಂದೆ ಕೇಳಲಿಕ್ಕೆ ಬಾಯಿ ಇರುವುದಿಲ್ಲ. ತುಮಕೂರು ನಗರ ಅಂಥ ಸೀಟುಗಳಲ್ಲಿ ಒಂದು.

ಆದರೆ 2023ರಲ್ಲಿ ಗೆದ್ದ ಒಂಬತ್ತು ಮಂದಿಯನ್ನು ಒಮ್ಮೆ ನೋಡಿ. ಎಲ್ಲರೂ ಮುಸ್ಲಿಂ ಮತಗಳ ಮೇಲೆಯೇ ನಿಂತವರಲ್ಲ. ರಾಮನಗರದ ಇಕ್ಬಾಲ್ ಹುಸೇನ್ ಅವರನ್ನೇ ತೆಗೆದುಕೊಳ್ಳಿ. ಒಕ್ಕಲಿಗರ ನಾಡು, ದೇವೇಗೌಡರ ಕುಟುಂಬದ ಕೋಟೆ. 2018ರಲ್ಲಿ ಅಲ್ಲಿ ಎಚ್.ಡಿ. ಕುಮಾರಸ್ವಾಮಿ ಎದುರು ನಿಂತು ಸೋತರು. ಸೋತ ಮೇಲೆ ಊರು ಬಿಡಲಿಲ್ಲ. 2023ರಲ್ಲಿ ಅದೇ ಕ್ಷೇತ್ರದಲ್ಲಿ ನಿಖಿಲ್ ಕುಮಾರಸ್ವಾಮಿ ಅವರನ್ನು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಡಿ.ಕೆ. ಸಹೋದರರ ಬೆಂಬಲ ಇತ್ತು, ಸರಿ. ಆದರೆ ಆ ಬೆಂಬಲ ಬೂತ್ ಬೂತ್‌ನಲ್ಲಿ ಮತವಾಗಿ ಬಿದ್ದದ್ದು ಬೇರೆ ಸಮುದಾಯಗಳ ಮನೆಗಳಿಂದ. ನಮ್ಮ ಯು.ಟಿ. ಖಾದರ್ ಅವರ ವಿಷಯವಂತೂ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದರೂ ಎತ್ತುತ್ತಾರೆ ಎಂದು ಹೇಳುವವರಲ್ಲಿ ನಮ್ಮವರಷ್ಟೇ ಇಲ್ಲ.

ಅದೇ ಕಣ್ಣಿನಿಂದ ಸುರತ್ಕಲ್ ಕಡೆ, ಅಂದರೆ ಮಂಗಳೂರು ಉತ್ತರ ಕ್ಷೇತ್ರವನ್ನು ನೋಡಿದರೆ ತುಮಕೂರಿನದೇ ನೆರಳು ಕಾಣುತ್ತದೆ. ಅಲ್ಲೂ 2013ರಲ್ಲಿ ಮೊಯ್ದಿನ್ ಬಾವ ಕಾಂಗ್ರೆಸ್ಸಿನಿಂದ ಗೆದ್ದರು, 2018ರಲ್ಲಿ ಸೋತರು. 2023ರಲ್ಲಿ ಟಿಕೆಟ್ ಇನಾಯತ್ ಅಲಿ ಅವರಿಗೆ ಹೋಯಿತು, ಬಾವ ಜೆಡಿಎಸ್‌ನಿಂದ ನಿಂತರು, ಸೀಟು ಬಿಜೆಪಿಯಲ್ಲೇ ಉಳಿಯಿತು. ಟಿಕೆಟ್‌ಗಾಗಿ ನಮ್ಮೊಳಗೆ ನಡೆಯುವ ಗುದ್ದಾಟದ ಅರ್ಧದಷ್ಟು ಶಕ್ತಿ ಬೇರೆಯವರ ಮನೆಗೆ ಹೋಗಿ ಮತ ಕೇಳುವುದಕ್ಕೆ ಖರ್ಚಾಗಿದ್ದರೆ ಎಂದು ಅನಿಸುವುದು ಸಹಜ.

2028ಕ್ಕೆ ಲೆಕ್ಕ ಬದಲಾಗಿದೆ

2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ಜೊತೆ ಕೈಜೋಡಿಸಿತು. ತುಮಕೂರು ನಗರದ ಮಟ್ಟಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ. ಮೊದಲ ಮತ್ತು ಎರಡನೆಯ ಸ್ಥಾನದ ಪಕ್ಷಗಳು ಒಂದಾಗಿವೆ. ಕಳೆದ ಸಲ ಅವೆರಡೂ ಪಡೆದ ಮತ ಸೇರಿಸಿದರೆ ಲಕ್ಷ ದಾಟುತ್ತದೆ. ಮೂರನೆಯ ಸ್ಥಾನದಲ್ಲಿದ್ದವರು ನೇರ ಹಣಾಹಣಿಯಲ್ಲಿ ಅದನ್ನು ಎದುರಿಸಬೇಕು. ತ್ರಿಕೋನ ಸ್ಪರ್ಧೆಯ ಸಂದಿಯಲ್ಲಿ ನುಸುಳಿ ಗೆಲ್ಲುವ 2013ರ ಅದೃಷ್ಟ ಮತ್ತೆ ಬರುತ್ತದೆಂದು ಕಾದು ಕೂರುವಂತಿಲ್ಲ.

ಕಾಗದದ ಲೆಕ್ಕ ನೆಲದ ಮೇಲೆ ಹಾಗೆಯೇ ಇಳಿಯುವುದಿಲ್ಲ ಎಂಬುದಕ್ಕೂ ತುಮಕೂರೇ ಸಾಕ್ಷಿ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಒಟ್ಟಾಗಿದ್ದವು. ಹಾಲಿ ಸಂಸದ ಎಸ್.ಪಿ. ಮುದ್ದಹನುಮೇಗೌಡರನ್ನು ಬದಿಗಿಟ್ಟು ಮಾಜಿ ಪ್ರಧಾನಿ ದೇವೇಗೌಡರನ್ನೇ ಇಲ್ಲಿ ನಿಲ್ಲಿಸಿದರು. ಕೂಡಿಸಿದರೆ ಗೆಲುವು ಖಚಿತ ಎನ್ನುವ ಲೆಕ್ಕ. ಬಿಜೆಪಿಯ ಜಿ.ಎಸ್. ಬಸವರಾಜು 13,339 ಮತಗಳಿಂದ ಗೆದ್ದರು. ಎಷ್ಟೋ ವರ್ಷ ಹಳ್ಳಿಯಲ್ಲಿ ಎದುರಾಳಿಗಳಾಗಿ ಬಡಿದಾಡಿದ ಕಾರ್ಯಕರ್ತರು ನಾಯಕರು ಕೈ ಕುಲುಕಿದ ಮಾತ್ರಕ್ಕೆ ಒಂದಾಗುವುದಿಲ್ಲ. ಆದರೆ 2024ರಲ್ಲಿ ಬಿಜೆಪಿ-ಜೆಡಿಎಸ್ ಮೈತ್ರಿಗೆ ಅಂಥ ತೊಂದರೆ ಕಾಣಲಿಲ್ಲ. ಬೆಂಗಳೂರಿನಿಂದ ಬಂದ ವಿ. ಸೋಮಣ್ಣ, ಅಷ್ಟರಲ್ಲಿ ಬಿಜೆಪಿಗೆ ಹೋಗಿ ಕಾಂಗ್ರೆಸ್ಸಿಗೆ ಮರಳಿದ್ದ ಅದೇ ಮುದ್ದಹನುಮೇಗೌಡರನ್ನು 1,75,594 ಮತಗಳಿಂದ ಸೋಲಿಸಿ ಕೇಂದ್ರದಲ್ಲಿ ಮಂತ್ರಿಯಾದರು. ಜಿಲ್ಲೆಯಲ್ಲಿ ಏಳು ಶಾಸಕರಿದ್ದೂ ಕಾಂಗ್ರೆಸ್ಸಿಗೆ ಒಂದೇ ವರ್ಷದಲ್ಲಿ ಹೀಗಾಯಿತು.

ನಗರದಲ್ಲಿ ಮೈತ್ರಿಗೆ ಇರುವ ತಲೆನೋವು ಒಂದೇ. ಸೀಟು ಯಾರಿಗೆ? ಬಿಜೆಪಿಯ ಶಾಸಕರು ಎರಡು ಸಲ ಗೆದ್ದವರು. ಜೆಡಿಎಸ್‌ನ ಗೋವಿಂದರಾಜು ಎರಡು ಸಲ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಕಡೆಯವರು ಸುಮ್ಮನಿರುತ್ತಾರಾ? ಬಂಡಾಯ ಎದ್ದರೆ ಹಳೆಯ ತ್ರಿಕೋನ ಮತ್ತೆ ಹುಟ್ಟಬಹುದು. ಏಳದಿದ್ದರೂ ಆ 50 ಸಾವಿರ ಮೀರಿದ ಜೆಡಿಎಸ್ ಮತಗಳಲ್ಲಿ ಎಲ್ಲವೂ ಕಮಲಕ್ಕೆ ಹೋಗುವವಲ್ಲ. ಅವರಲ್ಲಿ ಒಂದು ಪಾಲನ್ನು ಈ ಕಡೆ ತರಬಲ್ಲವರು ಯಾರು? ಕಾಂಗ್ರೆಸ್ ಟಿಕೆಟ್ ಕೊಡುವಾಗ ಕೇಳಬೇಕಾದ ಪ್ರಶ್ನೆ ಇದೇ, ಮತ್ತು ನಮ್ಮ ಜಮಾಅತ್‌ಗಳೂ ಈ ಪ್ರಶ್ನೆಯನ್ನೇ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಅಭ್ಯರ್ಥಿ ಮುಸ್ಲಿಮನೇ ಆಗಿರಲಿ, ಆದರೆ ಮಂಡಿಪೇಟೆಯ ವರ್ತಕ, ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ತರುವ ರೈತ, ಕ್ಯಾತ್ಸಂದ್ರದ ಮಠದ ಭಕ್ತ, ಈ ಮೂವರಿಗೂ ಮುಖಪರಿಚಯ ಇರುವವನಾಗಿರಲಿ. ಚುನಾವಣೆಗೆ ಎರಡು ತಿಂಗಳು ಇರುವಾಗ ಬಂದು ಕೈಮುಗಿಯುವವನಿಂದ ಇದು ಆಗುವ ಕೆಲಸ ಅಲ್ಲ.

ಇನ್ನು ನೀರಿನ ವಿಷಯ. ಹೊರಗಿನವರಿಗೆ ಇದು ಚುನಾವಣೆಗೆ ಸಂಬಂಧ ಇಲ್ಲದ ಮಾತು ಅನಿಸಬಹುದು. ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ಕಟ್ಟಿಹಾಕಿರುವುದು ಈ ಒಂದೇ ದಾರ. ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿದರೆ ತುಮಕೂರು ನಗರದ ನಲ್ಲಿಯಲ್ಲಿ ನೀರು. ನಾಲೆಯ ತುದಿಯಲ್ಲಿರುವ ಕುಣಿಗಲ್‌ಗೆ ಪಾಲಿನ ನೀರು ಮುಟ್ಟುತ್ತಲೇ ಇಲ್ಲ ಎಂಬುದು ಹಳೆಯ ದೂರು. ಅದಕ್ಕೆ ಪರಿಹಾರವೆಂದು ಗುಬ್ಬಿ ತಾಲೂಕಿನಿಂದಲೇ ಕುಣಿಗಲ್ ಕಡೆಗೆ ನೇರ ಪೈಪ್‌ಲೈನ್ ಹಾಕುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ಈ ನೀರು ಕುಣಿಗಲ್ ದಾಟಿ ಮಾಗಡಿ, ರಾಮನಗರಕ್ಕೆ ಹೋಗುತ್ತದೆ, ನಮ್ಮ ಪಾಲು ಹೋಯಿತು ಎಂದು ಗುಬ್ಬಿ, ತುರುವೇಕೆರೆ, ತುಮಕೂರಿನ ಕಡೆಯವರು ಎದ್ದರು. 2025ರ ಮೇ 31ರಂದು ಗುಬ್ಬಿ ತಾಲೂಕಿನ ಸುಂಕಾಪುರದಲ್ಲಿ ನಿಷೇಧಾಜ್ಞೆಯ ನಡುವೆಯೂ ದೊಡ್ಡ ಪ್ರತಿಭಟನೆ ನಡೆಯಿತು. ಬಿಜೆಪಿ, ಜೆಡಿಎಸ್ ಶಾಸಕರು, ಮಠಾಧೀಶರು, ರೈತರು ಒಂದೇ ಕಡೆ ಸೇರಿದರು. ಕುಣಿಗಲ್‌ನ ಕಾಂಗ್ರೆಸ್ ಶಾಸಕರಿಗೆ ಯೋಜನೆ ಬೇಕೇ ಬೇಕು. ಗುಬ್ಬಿಯ ಕಾಂಗ್ರೆಸ್ ಶಾಸಕರಿಗೆ ಅಡಕತ್ತರಿ.

ಈ ಹೋರಾಟದಲ್ಲಿ ಬಿಜೆಪಿ, ಜೆಡಿಎಸ್ ಕಾರ್ಯಕರ್ತರು ಒಂದೇ ಜೀಪಿನಲ್ಲಿ ಕೂತು ಓಡಾಡಿದ್ದಾರೆ. ಲೋಕಸಭೆ ಚುನಾವಣೆಯ ಮೈತ್ರಿ ಹಳ್ಳಿಯ ಮಟ್ಟಕ್ಕೆ ಇಳಿಯುವುದು ಹೀಗೆಯೇ. ನಗರದ ಮುಸ್ಲಿಂ ಮೊಹಲ್ಲಾಗಳಲ್ಲೂ ಬುಗುಡನಹಳ್ಳಿಯ ನೀರನ್ನೇ ಕುಡಿಯುತ್ತಾರೆ. ಆದರೆ ನೀರಿನ ಈ ಚರ್ಚೆಯಲ್ಲಿ ನಮ್ಮ ಮುಖಂಡರ ದನಿ ಎಲ್ಲಿ ಕೇಳಿತು? ಮೀಸಲಾತಿ, ವಕ್ಫ್, ಖಬರಸ್ಥಾನದ ವಿಷಯಕ್ಕೆ ಮಾತ್ರ ಮಾತಾಡುವ ಮುಖಂಡರಿಗೆ ಉಳಿದವರ ಮತ ಬರಬೇಕು ಎಂದು ನಿರೀಕ್ಷಿಸುವುದಾದರೂ ಹೇಗೆ? ನಲ್ಲಿ ನೀರು, ಒಳಚರಂಡಿ, ಬೆಂಗಳೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವವರ ರೈಲು, ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಸ್ಥಳೀಯ ಹುಡುಗರಿಗೆ ಕೆಲಸ, ಇವೆಲ್ಲ ಎಲ್ಲರ ಮನೆಯ ವಿಷಯ. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಆ ಕಾರ್ಖಾನೆ ಇರುವುದು ಗುಬ್ಬಿ ತಾಲೂಕಿನಲ್ಲೇ. ಅಲ್ಲಿ ನಮ್ಮ ಐಟಿಐ ಹುಡುಗರು ಎಷ್ಟು ಮಂದಿ ಅರ್ಜಿ ಹಾಕಿದ್ದಾರೆ ಎಂದು ಕೇಳಿದವರುಂಟೇ?

ಪಟ್ಟಿಯಲ್ಲಿ ಹೆಸರು ಇದೆಯೇ?

ಮೂರು ಸಾವಿರ, ಐದು ಸಾವಿರದ ಅಂತರದಲ್ಲಿ ತೀರ್ಮಾನವಾಗುವ ಕ್ಷೇತ್ರದಲ್ಲಿ ಮತದಾರರ ಪಟ್ಟಿಯೇ ಮೊದಲ ಯುದ್ಧಭೂಮಿ. ಪಟ್ಟಿಯ ವಿಷಯ ಎಷ್ಟು ಸೂಕ್ಷ್ಮ ಎಂಬುದಕ್ಕೆ ಈ ಜಿಲ್ಲೆಯಲ್ಲೇ ಉದಾಹರಣೆ ಇದೆ. ರಾಹುಲ್ ಗಾಂಧಿ ಎತ್ತಿದ ಮತಗಳವಿನ ಆರೋಪದ ಬೆನ್ನಿಗೆ, ಪಟ್ಟಿ ತಯಾರಾದದ್ದು ನಮ್ಮದೇ ಸರಕಾರ ಇದ್ದಾಗ ಅಲ್ಲವೇ ಎಂಬರ್ಥದ ಮಾತಾಡಿ ಮಧುಗಿರಿಯ ರಾಜಣ್ಣ 2025ರ ಆಗಸ್ಟ್‌ನಲ್ಲಿ ಮಂತ್ರಿ ಸ್ಥಾನ ಕಳೆದುಕೊಂಡರು. ಅವರು ಹೇಳಿದ ರೀತಿ, ಹೇಳಿದ ಸಮಯ ಬೇರೆ ಚರ್ಚೆ. ಕರಡು ಪಟ್ಟಿ ಹೊರಬಂದಾಗ ನೋಡದೆ ಆಮೇಲೆ ಕೂಗಿದರೆ ಪ್ರಯೋಜನ ಕಡಿಮೆ ಎಂಬುದು ಮಾತ್ರ ಎಲ್ಲ ಪಕ್ಷಕ್ಕೂ ಅನ್ವಯಿಸುತ್ತದೆ.

ನಮ್ಮ ಮನೆಗಳ ಅಭ್ಯಾಸ ಏನು? ಮನೆ ತುಮಕೂರಿನಲ್ಲಿ, ವೋಟು ಊರಿನಲ್ಲಿ. ಚುನಾವಣೆ ಬಂತೆಂದರೆ ಬಸ್ಸು ಹತ್ತಿ ಊರಿಗೆ ಹೋಗುವುದು. ಹೋದರೆ ಹೋದರು, ಅಂಗಡಿ ಬಿಡಲಾಗದಿದ್ದರೆ ಎರಡೂ ಕಡೆ ಇಲ್ಲ. ಇನ್ನು ಕೆಲವರ ಹೆಸರು ಎರಡೂ ಕಡೆ ಇರುತ್ತದೆ. ಇದು ಹೆಮ್ಮೆಯ ವಿಷಯ ಅಲ್ಲ, ಕಾನೂನಿಗೆ ವಿರುದ್ಧ. ಒಬ್ಬನ ಹೆಸರು ಒಂದೇ ಕ್ಷೇತ್ರದಲ್ಲಿ, ಒಂದೇ ಕಡೆ ಇರಬೇಕು. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಕಾಸರಗೋಡಿನಲ್ಲಿ ನೆಂಟರಿದ್ದವರಿಗೆ 2025ರ ನವೆಂಬರ್‌ನಲ್ಲಿ ಕೇರಳದಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯ ಗಡಿಬಿಡಿ ಗೊತ್ತಿದೆ. ಅಲ್ಲಿ 2002ರ ಪಟ್ಟಿಯಲ್ಲಿ ತಂದೆ ತಾಯಿಯ ಹೆಸರು ಎಲ್ಲಿದೆ ಎಂದು ಹುಡುಕಿ ಹುಡುಕಿ ಸುಸ್ತಾದರು. ದೇಶದ ಎಲ್ಲ ರಾಜ್ಯಗಳಲ್ಲೂ ಇದನ್ನು ನಡೆಸುವುದಾಗಿ ಚುನಾವಣಾ ಆಯೋಗ ಹೇಳಿರುವಾಗ, ಘಟ್ಟದ ಮೇಲೆ ಮನೆ ಮಾಡಿ ಕರಾವಳಿಯಲ್ಲಿ ವೋಟು ಇಟ್ಟುಕೊಂಡವರು ಎರಡೂ ಕಡೆ ಕೈತಪ್ಪುವ ಅಪಾಯ ಇದೆ.

ಆದ್ದರಿಂದ ಮನೆಯಲ್ಲಿ ಕೂತು ಒಮ್ಮೆ ಮಾತಾಡಿಕೊಳ್ಳಿ, ಹೆಂಗಸರನ್ನೂ ಸೇರಿಸಿಕೊಂಡು. ತುಮಕೂರಿನಲ್ಲೇ ಇರುವುದು ಎಂದಾದರೆ ನಮೂನೆ 8 ಕೊಟ್ಟು ಹೆಸರನ್ನು ಊರಿನಿಂದ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಬೇರೆ ಕ್ಷೇತ್ರದಿಂದ ಬರುವವರಿಗೂ ಈಗ ಇದೇ ನಮೂನೆ. ಹೊಸದಾಗಿ ಸೇರಿಸುವುದಕ್ಕೆ ನಮೂನೆ 6. ಮೊದಲಿನಂತೆ ಜನವರಿ 1ಕ್ಕೆ ಹದಿನೆಂಟು ತುಂಬಬೇಕೆಂದಿಲ್ಲ, ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳಲ್ಲಿ ಯಾವುದಕ್ಕೆ ತುಂಬಿದರೂ ಸಾಕು. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನ ಪಟ್ಟಿಯಲ್ಲೇ ಉಳಿದುಬಿಡುವುದು ನಮ್ಮಲ್ಲಿ ಬಹಳ, ಅದಕ್ಕೂ ನಮೂನೆ 8. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ಪಟ್ಟಿಯಲ್ಲಿ ಒಂದು ಇದ್ದರೆ ಅದನ್ನೂ ಅದರಲ್ಲೇ ಸರಿಪಡಿಸಬಹುದು. ಮನೆ ಹೊಸ ಬಡಾವಣೆಯಲ್ಲಿದ್ದರೆ ಅದು ನಗರಕ್ಕೋ ಗ್ರಾಮಾಂತರಕ್ಕೋ ಎಂದು ಬಿಎಲ್‌ಓ ಹತ್ತಿರ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಗಲ್ಫಿನಲ್ಲಿರುವ ಮಕ್ಕಳ ವಿಷಯ ಕೇಳುವವರಿದ್ದಾರೆ. ಭಾರತದ ಪಾಸ್‌ಪೋರ್ಟ್ ಇದ್ದು, ಬೇರೆ ದೇಶದ ಪೌರತ್ವ ಪಡೆಯದವರು ನಮೂನೆ 6ಎ ತುಂಬಿ ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದಲ್ಲೇ ಮತದಾರರಾಗಬಹುದು. ಆದರೆ ಅಲ್ಲಿಂದಲೇ ಮತ ಹಾಕುವ ವ್ಯವಸ್ಥೆ ಅವರಿಗಿಲ್ಲ. ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಬೂತಿಗೇ ಬರಬೇಕು. 2028ರ ಮೇ ಸುಮಾರಿಗೆ ವಿಧಾನಸಭಾ ಚುನಾವಣೆ ಬರುತ್ತದೆ, ರಜೆಗೆ ಅರ್ಜಿ ಹಾಕುವವರು ಆ ತಿಂಗಳನ್ನು ಗಮನದಲ್ಲಿ ಇಟ್ಟುಕೊಳ್ಳಬಹುದು.